17296: ಒಂದು ಸಂಖ್ಯೆಯ ಚರಿತ್ರೆ

17296 ನೋಡಲು ವಿಶೇಷವೇನೂ ಇಲ್ಲದ ಸಂಖ್ಯೆ. ಆದರೆ ಅದನ್ನು ನಿಶ್ಶೇಷವಾಗಿ ಭಾಗಿಸುವ ಎಲ್ಲ ಸಂಖ್ಯೆಗಳನ್ನೂ, ಅದನ್ನು ಮಾತ್ರ ಬಿಟ್ಟು, ಕೂಡಿಸಿದರೆ 18416 ಬರುತ್ತದೆ. ಇನ್ನು 18416ರ ಭಾಜಕಗಳನ್ನು ಕೂಡಿಸಿ ನೋಡಿ: 1, 2, 4, 8, 16, 1151, 2302, 4604, 9208. ಮೊತ್ತ ಮರಳಿ 17296! ಇಂಥ ಜೋಡಿಗಳನ್ನು ಮಿತ್ರ ಸಂಖ್ಯೆಗಳು ಎನ್ನುತ್ತಾರೆ.

ಈ ಜೋಡಿಯನ್ನು 1636ರಲ್ಲಿ ಫ್ರಾನ್ಸಿನ ಫರ್ಮಾ ಕಂಡುಹಿಡಿದರೆಂದು ಬಹುಕಾಲ ನಂಬಲಾಗಿತ್ತು. ಆದರೆ ಅದಕ್ಕೂ ಸುಮಾರು 300 ವರ್ಷಗಳ ಮೊದಲೇ ಇರಾನಿನ ಕಮಾಲುದ್ದೀನ್ ಅಲ್-ಫಾರಿಸಿ ಮತ್ತು ಮೊರಾಕ್ಕೊದ ಇಬ್ನುಲ್ ಬನ್ನಾ ಇದನ್ನು ಬರೆದಿಟ್ಟಿದ್ದರು.

ಅವರಿಗೆ ದಾರಿ ತೋರಿಸಿದ್ದು 9ನೇ ಶತಮಾನದ ಬಗ್ದಾದ್. ಗ್ರೀಕರಿಂದ ಬಂದದ್ದು 220 ಮತ್ತು 284 ಎಂಬ ಒಂದೇ ಜೋಡಿ. ಇಂಥ ಜೋಡಿಗಳನ್ನು ಹುಡುಕಲು ನಿಯಮವೊಂದನ್ನು ಕೊಟ್ಟು, ಅದನ್ನು ಸಾಧಿಸಿ ತೋರಿಸಿದವರು ಸಾಬಿತ್ ಇಬ್ನ್ ಕುರ್ರಾ (836-901). ಹರ್ರಾನಿನ ಸಾಬಿ ಪಂಥದ ಈ ವಿದ್ವಾಂಸರನ್ನು ಬಗ್ದಾದಿಗೆ ಕರೆತಂದವರು ಬನೂ ಮೂಸಾ ಸಹೋದರರು. ಅಲ್ಲಿ ವಿದ್ಯೆಯನ್ನು ನೋಡಿದರೇ ಹೊರತು ಪಂಥವನ್ನಲ್ಲ.

ನಿಯಮ ಹೀಗಿದೆ: 3×8, 3×16 ಮತ್ತು 9×128, ಇವುಗಳಿಂದ ಒಂದೊಂದು ಕಳೆದರೆ 23, 47 ಮತ್ತು 1151. ಮೂರೂ ಅವಿಭಾಜ್ಯ ಸಂಖ್ಯೆಗಳು. ಆದ್ದರಿಂದ 16×23×47 ಎಂದರೆ 17296, ಮತ್ತು 16×1151 ಎಂದರೆ 18416 ಮಿತ್ರರು. ಇದಕ್ಕಿಂತ ಒಂದು ಮೆಟ್ಟಿಲು ಕೆಳಗೆ 11, 23, 287 ಸಿಗುತ್ತವೆ. 287 ಎಂಬುದು 7×41 ಆದ್ದರಿಂದ ಅಲ್ಲಿ ಜೋಡಿ ಹುಟ್ಟುವುದಿಲ್ಲ.

ಅಲ್-ಫಾರಿಸಿ ಇಷ್ಟಕ್ಕೆ ತೃಪ್ತರಾಗಲಿಲ್ಲ. ಭಾಜಕಗಳಲ್ಲಿ ಒಂದೂ ಬಿಟ್ಟುಹೋಗಿಲ್ಲವೆಂದು ಹೇಗೆ ನಂಬುವುದು? ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆದು, ಅವು ಎಷ್ಟು ಬಗೆಯಲ್ಲಿ ಕೂಡಿಕೊಳ್ಳಬಹುದೆಂದು ಎಣಿಸಿ, ಸಾಬಿತರ ನಿಯಮಕ್ಕೆ ಹೊಸ ಸಾಧನೆ ಕೊಟ್ಟರು. ಮುಂದೆ 17ನೇ ಶತಮಾನದಲ್ಲಿ ಇರಾನಿನ ಮುಹಮ್ಮದ್ ಬಾಕಿರ್ ಯಜ್ದಿ ಅದೇ ನಿಯಮದಿಂದ 9363584 ಮತ್ತು 9437056 ಜೋಡಿಯನ್ನು ಕಂಡರು. ಫ್ರಾನ್ಸಿನ ದೆಕಾರ್ತ್ 1638ರಲ್ಲಿ ತಿಳಿಸಿದ ಜೋಡಿಯೂ ಇದೇ.

ನಮ್ಮವರು ಮೊದಲು ಕಂಡರು ಎಂದು ಹೆಮ್ಮೆಪಟ್ಟು ಸುಮ್ಮನಾಗುವುದು ಸುಲಭ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸಾಬಿತರ ನಿಯಮ ಸರಿಯಾದದ್ದೇ, ಆದರೆ ಎಲ್ಲ ಜೋಡಿಗಳೂ ಅದಕ್ಕೆ ಸಿಗುವುದಿಲ್ಲ. 18ನೇ ಶತಮಾನದಲ್ಲಿ ಆಯ್ಲರ್ ಬೇರೆ ವಿಧಾನಗಳಿಂದ ಹತ್ತಾರು ಹೊಸ ಜೋಡಿಗಳನ್ನು ಕೊಟ್ಟರು. ಆದರೂ 1184 ಮತ್ತು 1210 ಎಂಬ ಪುಟ್ಟ ಜೋಡಿ ಈ ಎಲ್ಲ ಮಹನೀಯರ ಕಣ್ಣು ತಪ್ಪಿಸಿಕೊಂಡಿತ್ತು. 1866ರಲ್ಲಿ ಅದನ್ನು ಕಂಡವನು ಇಟಲಿಯ 16 ವರ್ಷದ ಹುಡುಗ, ನಿಕೊಲೊ ಪಗಾನಿನಿ.

ವಿದ್ಯಾರ್ಥಿ ಮಿತ್ರರೇ, ಇಂಥ ಜೋಡಿಗಳು ಅನಂತವಾಗಿವೆಯೇ ಎಂಬ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ. ಹಿರಿಯರ ಹೆಸರುಗಳನ್ನು ಬಾಯಿಪಾಠ ಮಾಡುವುದರಿಂದ ಅದು ಸಿಗುವುದೂ ಇಲ್ಲ. ಅಲ್-ಫಾರಿಸಿಯಂತೆ 'ಹೇಗೆ ನಂಬುವುದು?' ಎಂದು ಕೇಳಿ, ಕಾಗದ ಪೆನ್ಸಿಲು ಹಿಡಿದು ಕುಳಿತುಕೊಳ್ಳುವುದೇ ಅವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.