ಮಕ್ಕಳ ರೈಲಿಗೆ ಮನೆಯ ಕರೆಂಟು

ಪಂಚನಹಳ್ಳಿಗೆ ರೈಲು ಬರುವುದಿಲ್ಲ. ಕಡೂರು ತಾಲ್ಲೂಕಿನ ಈ ಊರಿನ ಮಕ್ಕಳು ರೈಲು ನೋಡಬೇಕಾದರೆ ಕಡೂರಿಗೋ ಬೀರೂರಿಗೋ ಅರಸೀಕೆರೆಗೋ ಹೋಗಬೇಕು. ಹಾಗೆಂದು ಅಲ್ಲಿ ರೈಲಾಟಕ್ಕೇನೂ ಬರವಿಲ್ಲ. ಒಬ್ಬರ ಅಂಗಿಯನ್ನು ಇನ್ನೊಬ್ಬರು ಹಿಡಿದು ಕೂಗುತ್ತ ಓಡುವ ರೈಲು, ಬೆಂಕಿಪೊಟ್ಟಣಗಳನ್ನು ದಾರದಲ್ಲಿ ಪೋಣಿಸಿ ಎಳೆಯುವ ರೈಲು, ಜಾತ್ರೆಯಲ್ಲಿ ಕೊಂಡ ತಗಡಿನ ರೈಲು, ಯಾರಾದರೂ ಬೆಂಗಳೂರು ಕಡೆಯಿಂದ ಬರುವಾಗ ತಂದ ಚನ್ನಪಟ್ಟಣದ ಮರದ ರೈಲು. ಮಂಡಿ ತರಚುವುದು, ತಗಡಿನ ಅಂಚು ಬೆರಳು ಕೊಯ್ಯುವುದು ಬಿಟ್ಟರೆ ಇವುಗಳಿಂದ ದೊಡ್ಡ ಅಪಾಯವೇನೂ ಇಲ್ಲ.

ಪೇಟೆಯ ನೆಂಟರು ಪೆಟ್ಟಿಗೆಯಲ್ಲಿ ತರುವ ರೈಲಿನ ಮಾತು ಬೇರೆ. ಅದಕ್ಕೆ ಹಳಿ ಇದೆ, ಎಂಜಿನ್ನಿನ ಮೂತಿಯಲ್ಲಿ ದೀಪ ಇದೆ, ಜೊತೆಗೆ ಗೋಡೆಯ ಸಾಕೆಟ್ಟಿಗೆ ಚುಚ್ಚುವ ಪ್ಲಗ್ಗೂ ಇದೆ. ಅದನ್ನು ಕಂಡ ಅಜ್ಜಿ ಮೊದಲು ಕೇಳುವುದು ಒಂದೇ ಮಾತು: "ಮಗೂಗೆ ಕರೆಂಟ್ ಹೊಡೆಯಲ್ವೇನಪ್ಪಾ?"

ಓದದ ಮುದುಕಿಯ ಅಂಜಿಕೆ ಎಂದು ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಆಟದ ರೈಲಿನ ಚರಿತ್ರೆಯಲ್ಲಿ ಅಜ್ಜಿಯ ಅನುಮಾನ ಅಕ್ಷರಶಃ ನಿಜವಾಗಿದ್ದ ಕಾಲವೊಂದಿತ್ತು.

ಮೊದಲಿಗೆ ಈ ರೈಲುಗಳಿಗೆ ವಿದ್ಯುತ್ತಿನ ನಂಟೇ ಇರಲಿಲ್ಲ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಅಳತೆಗೊಂಡ ಹಳಿಗಳ ಮೇಲೆ ಓಡುವ ರೈಲು ಸೆಟ್ಟುಗಳನ್ನು ಪ್ರದರ್ಶಿಸಿತು. ಅವು ಕೀಲಿ ಕೊಟ್ಟರೆ ಓಡುವಂಥವು. ಇನ್ನೂ ಹಳಿ, ಇನ್ನೂ ಡಬ್ಬಿ ಬೇಕಾದರೆ ಬಿಡಿಯಾಗಿ ಕೊಂಡು ಸೇರಿಸಿಕೊಳ್ಳಬಹುದಾಗಿತ್ತು. ಆಟಿಕೆಯ ವ್ಯಾಪಾರಕ್ಕೆ ಇದೊಂದು ಹೊಸ ದಾರಿ. ಒಂದು ಸಲ ಕೊಂಡವನು ಪ್ರತಿ ಹಬ್ಬಕ್ಕೂ ಗಿರಾಕಿ! ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ವಿದ್ಯುತ್ ರೈಲುಗಳು ಬಂದವು. ಸಿನ್ಸಿನಾಟಿಯ ಕಾರ್ಲೈಲ್ ಅಂಡ್ ಫಿಂಚ್ ಕಂಪನಿಯದು ಅವುಗಳಲ್ಲಿ ಮೊದಲಿನದು. ಆಗ ಮನೆಮನೆಗೆ ವಿದ್ಯುತ್ ಇನ್ನೂ ಬಂದಿರಲಿಲ್ಲವಾದ್ದರಿಂದ ಅವು ಬ್ಯಾಟರಿಯಿಂದ ಓಡುತ್ತಿದ್ದವು. ಆ ಬ್ಯಾಟರಿಯೆಂದರೆ ಇಂದಿನ ಟಾರ್ಚಿನ ಸೆಲ್ಲಲ್ಲ, ಆಮ್ಲ ತುಂಬಿದ ಜಾಡಿ. ಅದರಿಂದ ಶಾಕ್ ಹೊಡೆಯುವ ಭಯವಿರಲಿಲ್ಲ, ಚೆಲ್ಲಿದರೆ ಚರ್ಮ ಸುಡುವ ಭಯವಿತ್ತು.

ನ್ಯೂಯಾರ್ಕಿನಲ್ಲಿ ಜೋಶುವಾ ಲಯೊನೆಲ್ ಕೋವೆನ್ ಎಂಬಾತ 1900ರಲ್ಲಿ ತನ್ನ ಕಂಪನಿಯನ್ನು ಆರಂಭಿಸಿದ. ಆತ ಮೊದಲು ರೈಲು ಮಾಡಿದ್ದು ಮಕ್ಕಳಿಗಲ್ಲ, ಅಂಗಡಿಯ ಕಿಟಕಿಯಲ್ಲಿ ಸರಕು ಹೊತ್ತು ಸುತ್ತಿ ದಾರಿಹೋಕರನ್ನು ಸೆಳೆಯಲೆಂದು. ಜನ ಸರಕನ್ನು ಬಿಟ್ಟು ರೈಲನ್ನೇ ಕೇಳತೊಡಗಿದರಂತೆ.

ನಿಜವಾದ ಅಪಾಯ ಶುರುವಾದದ್ದು ಮನೆಗಳಿಗೆ ವಿದ್ಯುತ್ ಬಂದ ಮೇಲೆ. ಗೋಡೆಯಲ್ಲೇ ಕರೆಂಟಿರುವಾಗ ಬ್ಯಾಟರಿಯ ರಗಳೆ ಏಕೆ ಎಂದು ತಯಾರಕರಿಗೆ ಅನ್ನಿಸಿದ್ದು ಸಹಜ. ಇಂಗ್ಲೆಂಡಿನಲ್ಲಿ ಫ್ರಾಂಕ್ ಹಾರ್ನ್‌ಬಿಯ ಮೆಕ್ಯಾನೋ ಕಂಪನಿ 1925ರಲ್ಲಿ ಲಂಡನ್ನಿನ ಮೆಟ್ರೋಪಾಲಿಟನ್ ರೈಲಿನ ಮಾದರಿಯ ಆಟಿಕೆಯನ್ನು ಹೊರತಂದಿತು. ಅದನ್ನು ನೇರವಾಗಿ ಮನೆಯ ವಿದ್ಯುತ್ತಿಗೆ ಜೋಡಿಸಬಹುದಾಗಿತ್ತು. ಕರೆಂಟಿನ ದಾರಿಯಲ್ಲಿ ತಡೆಯಾಗಿ ಇದ್ದದ್ದು ಒಂದು ಬಲ್ಬು ಮಾತ್ರ. ಕಾಕತಾಳೀಯವೆಂಬಂತೆ ಅದೇ 1925ರ ಫೆಬ್ರುವರಿ 3ರಂದು ಭಾರತದ ಮೊದಲ ವಿದ್ಯುತ್ ರೈಲು ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಓಡಿತು. ಅದರ ವಿದ್ಯುತ್ ತಂತಿ 1500 ವೋಲ್ಟಿನದು, ಆದರೆ ಅದು ಯಾರ ಕೈಗೂ ಎಟುಕದಂತೆ ತಲೆಯ ಮೇಲಿತ್ತು. ಮಕ್ಕಳ ರೈಲಿನ ವಿದ್ಯುತ್ತು ನೆಲದ ಮೇಲೆ, ಬರಿಯ ಹಳಿಯಲ್ಲಿ ಹರಿಯುತ್ತಿತ್ತು.

ನಡುವೆ ಬಲ್ಬು ಇದೆಯಲ್ಲ, ಕರೆಂಟು ಕಡಿಮೆಯಾಗುವುದಿಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ಎಡವಟ್ಟು ಇರುವುದು ಇಲ್ಲಿಯೇ. ರೇಡಿಯೋ ರಿಪೇರಿ ಅಂಗಡಿಗಳಲ್ಲಿ ಸೀರೀಸ್ ಬಲ್ಬಿನ ಹಲಗೆಯನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ರೈಲು ಓಡುತ್ತಿರುವಾಗ ವೋಲ್ಟೇಜಿನ ಒಂದು ಪಾಲು ಬಲ್ಬಿನಲ್ಲಿ ಖರ್ಚಾಗುತ್ತದೆ, ಉಳಿದದ್ದು ಹಳಿಗೆ. ರೈಲು ಹಳಿ ತಪ್ಪಿತೆನ್ನಿ. ಕರೆಂಟು ಹರಿಯುವುದು ನಿಲ್ಲುತ್ತದೆ, ಬಲ್ಬು ಆರುತ್ತದೆ. ಹರಿವೇ ಇಲ್ಲದಾಗ ಬಲ್ಬಿನಲ್ಲಿ ವೋಲ್ಟೇಜು ಇಳಿಯುವುದೂ ಇಲ್ಲ. ಮನೆಯ ಪೂರ್ತಿ ವೋಲ್ಟೇಜು ಹಳಿಗೆ ಬಂದು ಕೂರುತ್ತದೆ. ದೀಪ ಆರಿದೆ, ರೈಲು ನಿಂತಿದೆ, ಎಲ್ಲವೂ ಸತ್ತಂತೆ ಕಾಣುತ್ತದೆ. ಮಗು ಎಂಜಿನ್ನನ್ನು ಎತ್ತಿ ಹಳಿಗೆ ಕೂರಿಸಲು ಕೈ ಚಾಚುವುದು ಆ ಗಳಿಗೆಯಲ್ಲೇ. 230 ವೋಲ್ಟಿನಲ್ಲಿ ಉರಿಯುವ 60 ವ್ಯಾಟಿನ ಬಲ್ಬು ಸುಮಾರು ಕಾಲು ಆಂಪಿಯರ್ ಕರೆಂಟನ್ನು ಬಿಟ್ಟುಕೊಡುತ್ತದೆ. ಮನುಷ್ಯರ ಪ್ರಾಣರಕ್ಷಣೆಗೆಂದು ಈಗ ಮನೆಗಳಲ್ಲಿ ಹಾಕುವ ಸ್ವಿಚ್ಚುಗಳು 30 ಮಿಲಿ ಆಂಪಿಯರ್ ಸೋರಿದರೇ ಕರೆಂಟನ್ನು ಕಡಿಯುತ್ತವೆ. ಕಾಲು ಆಂಪಿಯರ್ ಎಂದರೆ ಅದರ ಎಂಟು ಪಟ್ಟು.

ಇಂಥ ರೈಲುಗಳು ಬಹಳ ಕಾಲ ಉಳಿಯಲಿಲ್ಲ. ಮಾರ್ಕ್ಲಿನ್ 1926ರಲ್ಲಿ 20 ವೋಲ್ಟಿನ ವ್ಯವಸ್ಥೆಗೆ ಬಂತು. ಹಾರ್ನ್‌ಬಿಯೂ ಕೆಲವೇ ವರ್ಷಗಳಲ್ಲಿ ಹೆಚ್ಚಿನ ವೋಲ್ಟಿನ ರೈಲನ್ನು ಕೈಬಿಟ್ಟಿತು. 1938ರಲ್ಲಿ ಬಂದ ಅದರ ಡಬ್ಲೋ ರೈಲುಗಳು ಓಡಿದ್ದು 12 ವೋಲ್ಟಿನಲ್ಲಿ. ಈ ಬದಲಾವಣೆಯ ಹಿಂದಿದ್ದದ್ದು ಟ್ರಾನ್ಸ್‌ಫಾರ್ಮರ್. ಅದರೊಳಗೆ ಎರಡು ತಂತಿ ಸುರುಳಿಗಳು; ಒಂದು ಗೋಡೆಯ ಕಡೆಗೆ, ಇನ್ನೊಂದು ಹಳಿಯ ಕಡೆಗೆ. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ, ಕಬ್ಬಿಣದಲ್ಲಿ ಹರಿಯುವ ಕಾಂತಶಕ್ತಿಯೇ ನಡುವಿನ ಸೇತುವೆ. ವೋಲ್ಟೇಜು ತಗ್ಗುವುದು ಒಂದು ಲಾಭ. ಗೋಡೆಯ ಕರೆಂಟಿಗೂ ಮಗುವಿನ ಬೆರಳಿಗೂ ತಂತಿಯ ಸಂಬಂಧವೇ ಕಡಿದುಹೋಗುವುದು ಅದಕ್ಕಿಂತ ದೊಡ್ಡ ಲಾಭ.

ಇದರಲ್ಲೂ ಒಂದು ತಿರುಗುಬಾಣವಿದೆ. ದೊಡ್ಡ ಹಳಿ ಹಾಕುವ ಉತ್ಸಾಹದಲ್ಲಿ ಒಂದೇ ಹಳಿಗೆ ಎರಡು ಟ್ರಾನ್ಸ್‌ಫಾರ್ಮರ್ ಜೋಡಿಸಿ, ಒಂದರ ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತರೆ, ಕಿತ್ತ ಟ್ರಾನ್ಸ್‌ಫಾರ್ಮರ್ ಹಿಂದುಮುಂದಾಗಿ ಕೆಲಸ ಮಾಡುತ್ತದೆ. ಹಳಿಯ ಹನ್ನೆರಡೋ ಹದಿನಾರೋ ವೋಲ್ಟು ಏರಿ, ಕೈಯಲ್ಲಿ ಹಿಡಿದ ಪ್ಲಗ್ಗಿನ ಹಿತ್ತಾಳೆ ಕಡ್ಡಿಗಳಲ್ಲಿ ಮನೆಯ ಕರೆಂಟಿನಷ್ಟೇ ಆಗಿ ನಿಲ್ಲುತ್ತದೆ.

ಈ ಎಲ್ಲ ಸಂಗತಿಗಳು ನಡೆಯುತ್ತಿದ್ದಾಗ ನಮ್ಮಲ್ಲಿ ಇಂಥ ರೈಲು ಅರಮನೆಯ ವೈಭವವಾಗಿತ್ತು. ಗ್ವಾಲಿಯರಿನ ಸಿಂಧಿಯಾ ಮಹಾರಾಜರ ಊಟದ ಮೇಜಿನ ಮೇಲೆ ಓಡುತ್ತಿದ್ದ ಬೆಳ್ಳಿಯ ರೈಲು ಪ್ರಸಿದ್ಧವಾದದ್ದು. ಅತಿಥಿ ಪಾನೀಯದ ಸೀಸೆಯನ್ನು ಎತ್ತಿದರೆ ಅದು ತಾನಾಗಿ ನಿಲ್ಲುತ್ತಿತ್ತು. ಮೈಸೂರು ಸಂಸ್ಥಾನ ವಿದ್ಯುತ್ತಿನಲ್ಲೇನೂ ಹಿಂದೆ ಬಿದ್ದಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. ಆದರೆ ಇಂದು ಚಿಕ್ಕಮಗಳೂರು ಎಂದು ಕರೆಯುವ ಆಗಿನ ಕಡೂರು ಜಿಲ್ಲೆಯ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿಗಳು ಇನ್ನೂ ಎಷ್ಟೋ ಕಾಲ ಉರಿದವು. ಹೀಗಾಗಿ ಹಳ್ಳಿಗೆ ಕರೆಂಟು ಬರುವ ಹೊತ್ತಿಗೆ ಆಟದ ರೈಲು ತನ್ನ ಕೆಟ್ಟ ಕಾಲವನ್ನು ಕಳೆದು ಬಂದಿತ್ತು.

ಹಾಗಾದರೆ ಅಜ್ಜಿ ನಿಶ್ಚಿಂತೆಯಾಗಿರಬಹುದೇ? ಒಳ್ಳೆಯ ಸೆಟ್ಟಿನ ಹಳಿಯನ್ನು ಒಣಗಿದ ಕೈಯಿಂದ ಮುಟ್ಟಿದರೆ ಏನೂ ಆಗುವುದಿಲ್ಲ. ರಾತ್ರಿ ಪಂಪ್‌ಸೆಟ್ಟುಗಳು ನಿಂತು ಲೈನಿನಲ್ಲಿ ವೋಲ್ಟೇಜು 280ಕ್ಕೆ ಏರಿತೆಂದೇ ಇಟ್ಟುಕೊಳ್ಳಿ. ಹಳಿಯ 12 ವೋಲ್ಟು ಹೆಚ್ಚೆಂದರೆ ಹದಿನಾಲ್ಕೂವರೆ ಆದೀತು. ಬಿಸಿಯಾಗುವುದು ಟ್ರಾನ್ಸ್‌ಫಾರ್ಮರ್. ಅದನ್ನು ಹಾಸಿಗೆಯ ಮೇಲೆ, ಬಟ್ಟೆಯ ಕೆಳಗೆ ಇಡಬಾರದು. ಹಳಿಗೆ ಅಡ್ಡವಾಗಿ ಹೇರ್‌ಪಿನ್ನು ಬಿದ್ದರೂ ತಂತಿ ಕಾಯುತ್ತದೆ. ಪ್ಲಗ್ ಒಡೆದುಹೋದರೆ ಬರಿಯ ವೈರನ್ನೇ ಸಾಕೆಟ್ಟಿಗೆ ತುರುಕಿ, ಬೆಂಕಿಕಡ್ಡಿ ಸಿಕ್ಕಿಸಿ ಬಿಗಿ ಮಾಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಉಂಟು. ಬೆಂಕಿಪೊಟ್ಟಣದ ರೈಲಿನ ಕಡ್ಡಿಗಳಿಗೆ ಇದಕ್ಕಿಂತ ಕೆಟ್ಟ ಬಳಕೆ ಇರಲಾರದು.

ಹೆಚ್ಚಿನ ಎಚ್ಚರಿಕೆ ಬೇಕಾಗಿರುವುದು ಅಗ್ಗದ ಸರಕಿನ ಬಗ್ಗೆ. ಸಂತೆಯಲ್ಲಿ ಸಿಗುವ, ನೇರವಾಗಿ ಸಾಕೆಟ್ಟಿಗೆ ಚುಚ್ಚಿ ಚಾರ್ಜ್ ಮಾಡುವ ಟಾರ್ಚುಗಳಲ್ಲಿ ಹಲವಕ್ಕೆ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಕಡಲೆಕಾಳಿಗಿಂತ ತುಸು ದೊಡ್ಡದಾದ ಒಂದು ಕೆಪಾಸಿಟರ್ ಮಾತ್ರ ಕರೆಂಟಿಗೆ ಅಡ್ಡ ನಿಂತಿರುತ್ತದೆ. 1925ರ ಬಲ್ಬಿನ ಜಾಗದಲ್ಲಿ ಕೆಪಾಸಿಟರ್, ಅಷ್ಟೇ ವ್ಯತ್ಯಾಸ. ಇದೇ ಜುಗ್ಗತನದಲ್ಲಿ ಮಾಡಿದ ಚಾರ್ಜರು ಆಟಿಕೆಯ ಜೊತೆ ಬಂದರೆ ನೂರು ವರ್ಷದ ಹಿಂದಿನ ತಪ್ಪು ಮತ್ತೆ ಮನೆಗೆ ಬಂದಂತೆ. ಭಾರತದಲ್ಲಿ 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ವಿದ್ಯುತ್ ಆಟಿಕೆಗಳಿಗೆ ಐಎಸ್ 15644 ಎಂಬ ಪ್ರತ್ಯೇಕ ಮಾನಕವೇ ಇದೆ. ಆಟಿಕೆಯ ಟ್ರಾನ್ಸ್‌ಫಾರ್ಮರಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಚಿಹ್ನೆಯೊಂದಿದೆ: ಪುಟ್ಟ ರೈಲು ಎಂಜಿನ್ನಿನ ಚಿತ್ರ. ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದರೆ ಹಳೆಯ ಟೇಪ್‌ರೆಕಾರ್ಡರಿನ ಅಡಾಪ್ಟರನ್ನು ಅದಕ್ಕೆ ಜೋಡಿಸುವ ಜಾಣತನ ಬೇಡ.

ಈಗ ಹೆಚ್ಚಾಗಿ ಮಾರಾಟವಾಗುವ ರೈಲುಗಳು ಸೆಲ್ಲಿನಿಂದ ಓಡುವಂಥವು. ಇವುಗಳಿಂದ ಶಾಕ್ ಇಲ್ಲ, ನಿಜ. ಆದರೆ ಕೂಗು ಹಾಕುವ ಎಂಜಿನ್ನಿನ ಹೊಟ್ಟೆಯಲ್ಲೋ ರಿಮೋಟಿನಲ್ಲೋ ಗುಂಡಿಯಾಕಾರದ ಚಪ್ಪಟೆ ಸೆಲ್ ಇದ್ದರೆ, ಮೊದಲು ಅದರ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ನೋಡಬೇಕು. ಅದನ್ನು ಮಗು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅಲ್ಲಿನ ತೇವದಲ್ಲೇ ಕ್ಷಾರ ಹುಟ್ಟಿ, ಎರಡು ಗಂಟೆಯೊಳಗೆ ಒಳಗೋಡೆ ಸುಡತೊಡಗುತ್ತದೆ. ಪಂಚನಹಳ್ಳಿಯಂಥ ಊರಿನಿಂದ ಎಕ್ಸ್‌ರೇ ತೆಗೆದು, ಗಂಟಲಿಗೆ ನಳಿಕೆ ಇಳಿಸಿ ಸೆಲ್ ಹೊರತೆಗೆಯಬಲ್ಲ ಆಸ್ಪತ್ರೆಯನ್ನು ತಲುಪುವುದಕ್ಕೂ ಆ ಎರಡು ಗಂಟೆಯೊಳಗಿನ ಹೊತ್ತೇ ಖರ್ಚಾಗಬೇಕು.