ಅಜ್ಜಿಯ ದೀಪ, ಕಾವೇರಿಯ ಕರೆಂಟು

ನನ್ನ ತವರು ಬಂಗಾರಪೇಟೆ. ತಾತ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಅವರ ರಾತ್ರಿ ಪಾಳಿಯ ದಿನ ಮನೆಯಲ್ಲಿ ಕರೆಂಟು ಹೋದರೆ ಅಜ್ಜಿ ದೇವರ ಮುಂದೆ ದೀಪ ಹಚ್ಚಿ ಕೂರುತ್ತಿದ್ದಳು. "ಮನೆ ಕತ್ತಲಾದರೆ ಆಗಲಿ, ಅವರನ್ನು ಮೇಲೆತ್ತುವ ಕೇಜು ನಿಲ್ಲದಿರಲಿ" ಎನ್ನುವಳು. ಬೆಳಿಗ್ಗೆ ಮಾರಿಕುಪ್ಪಂ ರೈಲು ಬಂದು, ಬಾಗಿಲಲ್ಲಿ ತಾತನ ಚಪ್ಪಲಿ ಸದ್ದು ಕೇಳಿದ ಮೇಲೇ ಏಳುತ್ತಿದ್ದಳು.

ಆ ಗಣಿಗೆ ಕರೆಂಟು ಕೊಟ್ಟವಳು ಕಾವೇರಿ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ, ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ, ಕರೆಂಟು ಗಣಿ ಸೇರಿತು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ!

ಕರೆಂಟು ಅಕ್ಕಿಯಲ್ಲ, ಡಬ್ಬಿಯಲ್ಲಿ ತುಂಬಿಡುವುದಕ್ಕೆ. ಬೇಕಾದ ಗಳಿಗೆಯಲ್ಲೇ ಹುಟ್ಟಬೇಕು. ಗಣಿಗೆ ಅದು ಹಗಲಿರುಳೂ ಬೇಕು. ಹೊಳೆಯೋ ಬೇಸಿಗೆಯಲ್ಲಿ ಬಡವಾಗುತ್ತದೆ. ಮಳೆಗಾಲದ ನೀರನ್ನು ಕೂಡಿಡಲು 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದರ ಹಿಂದೆ ಮಂಡ್ಯದ ಹೊಲಗಳ ಬಾಯಾರಿಕೆಯಷ್ಟೇ ನಮ್ಮ ಗಣಿಯ ಹಸಿವೂ ಇತ್ತು.

2001ರಲ್ಲಿ ಗಣಿ ಮುಚ್ಚಿತು. ಈಗ ಪಾವಗಡದ ಬಿಸಿಲೂ ಕರೆಂಟಾಗಿ ದೇಶದ ಜಾಲಕ್ಕೆ ಸೇರುತ್ತಿದೆ. ಆದರೆ ಸೂರ್ಯ ಮುಳುಗುವ ಹೊತ್ತಿಗೇ ನಾವೆಲ್ಲ ದೀಪ ಹಾಕುತ್ತೇವೆ. ಆಗ ಲೆಕ್ಕ ಸರಿದೂಗಿಸಲು ಮತ್ತೆ ಜಲಾಶಯದ ನೀರೂ ಕಲ್ಲಿದ್ದಲೂ ಬೇಕು.

ಸಂಜೆ ಮಿಕ್ಸಿ ತಿರುಗುತ್ತಿರುವಾಗಲೇ ಇಸ್ತ್ರಿ ಪೆಟ್ಟಿಗೆಗೆ ಕೈ ಹಾಕಿದರೆ ಅಜ್ಜಿ ನೆನಪಾಗುತ್ತಾಳೆ. ಬಟ್ಟೆ ನಾಳೆ ಮಧ್ಯಾಹ್ನಕ್ಕಿರಲಿ ಎಂದುಕೊಳ್ಳುತ್ತೇನೆ.