ಅಂಗೈಯಗಲದ ಮೋಟಾರು

ದೊಡ್ಡದನ್ನು ಚಿಕ್ಕದಾಗಿ ಮಾಡಿ ನೋಡಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ. ದಸರೆಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಅರಮನೆ, ಅಂಗಡಿ, ತೇರು, ಮದುವೆಯ ದಿಬ್ಬಣ ಎಲ್ಲವೂ ಮೆಟ್ಟಿಲ ಮೇಲೆ ಗೇಣುದ್ದವಾಗಿ ನಿಲ್ಲುತ್ತವೆ. ಆದರೆ ಗೊಂಬೆಗೆ ಅಳತೆಯ ಹಟವಿಲ್ಲ. ಶೆಟ್ಟರು ಪಕ್ಕದ ಆನೆಗಿಂತ ಎತ್ತರವಾಗಿದ್ದರೂ ಯಾರೂ ಆಕ್ಷೇಪಿಸುವುದಿಲ್ಲ. ಇದಕ್ಕಿಂತ ಭಿನ್ನವಾದ ಹವ್ಯಾಸ ಇನ್ನೊಂದುಂಟು. ನಿಜವಾದ ಮೋಟಾರು ಕಾರನ್ನು ಅಳೆದು, ಆ ಅಳತೆಗಳನ್ನೆಲ್ಲ ಒಂದೇ ಅಂಕಿಯಿಂದ ಭಾಗಿಸಿ, ಅದೇ ಕಾರನ್ನು ಮೇಜಿನ ಮೇಲೆ ಕಟ್ಟುವುದು. ಇದನ್ನು ಮಕ್ಕಳಾಟವೆಂದು ನಗುವವರಿದ್ದಾರೆ. ಕೋಲಾರದ ಚಿನ್ನದ ಗಣಿಗಳಲ್ಲಿ, ನಂದಿದುರ್ಗ ಗಣಿಯ ಆಸುಪಾಸಿನಲ್ಲಿ ಬೆಳೆದು, ಬಹುಕಾಲ ಈ ಹವ್ಯಾಸವನ್ನು ನಡೆಸಿಕೊಂಡು ಬಂದಿರುವ ನನಗೆ ಇದು ಚರಿತ್ರೆಯದೇ ಒಂದು ಕವಲೆಂದು ತೋರುತ್ತದೆ.

ಸಿಂಧೂ ಕಣಿವೆಯ ಸಂಗತಿಯನ್ನೇ ನೋಡೋಣ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿನ ಜನ ಎತ್ತಿನ ಗಾಡಿ ಹೂಡಿದರು. ಆ ಗಾಡಿಗಳು ಮರದವು; ಮಣ್ಣಿನಲ್ಲಿ ಮಣ್ಣಾಗಿ ಹೋದವು. ಆದರೆ ಸುಟ್ಟ ಮಣ್ಣಿನ ಆಟದ ಗಾಡಿಗಳು, ಅವುಗಳ ಗುಂಡು ಚಕ್ರಗಳು ಹರಪ್ಪ, ಮೊಹೆಂಜೊದಾರೊಗಳಲ್ಲಿ ಹೇರಳವಾಗಿ ದೊರೆತವು. ಚನ್ಹುದಾರೊವಿನಲ್ಲಿ ಲೋಹದ ಪುಟ್ಟ ಗಾಡಿಗಳೂ ಸಿಕ್ಕವು. ಅಂದಿನ ಗಾಡಿಯ ಆಕಾರ ಹೇಗಿತ್ತೆಂದು ವಿದ್ವಾಂಸರು ತಿಳಿದುಕೊಂಡದ್ದು ಬಹುಮಟ್ಟಿಗೆ ಈ ಆಟಿಕೆಗಳಿಂದ. ಇಪ್ಪತ್ತನೆಯ ಶತಮಾನದ ಸಿಂಧ್ ಹಳ್ಳಿಗಾಡಿಗಳೊಡನೆ ಅವನ್ನು ಹೋಲಿಸಿ, ಹೋಲಿಕೆಯನ್ನು ಕಂಡು ಬೆರಗಾದರು. ದೊಡ್ಡ ಗಾಡಿ ಅಳಿಯಿತು; ಮಗುವಿನ ಗಾಡಿ ಸಾಕ್ಷಿ ನುಡಿಯಲು ಉಳಿಯಿತು. ಹರಪ್ಪದ ಚಿನ್ನ ನಮ್ಮ ಕೋಲಾರದಿಂದ ಹೋದದ್ದೆಂದು ಕೆಲವರು ಊಹಿಸಿದ್ದುಂಟು. ಆ ವಾದ ಇತ್ಯರ್ಥವಾಗಿಲ್ಲ. ಗಾಡಿಯ ಪಾಠಕ್ಕೆ ಮಾತ್ರ ವಾದವೇ ಬೇಕಿಲ್ಲ.

ಅಳತೆ ತಪ್ಪದ ಪುಟ್ಟ ಮೋಟಾರಿನ ಕಥೆ ಈಚಿನದು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ತೂತುಪಟ್ಟಿಗಳ ಒಂದು ಆಟಿಕೆಗೆ ಹಕ್ಕುಪತ್ರ ಪಡೆದರು. ಅದೇ ಮುಂದೆ ಮೆಕ್ಯಾನೊ ಆಯಿತು. ಅವರ ಕಂಪನಿ ಆಟದ ರೈಲುಗಳನ್ನು ಮಾಡಿತು. ರೈಲಿನ ನಿಲ್ದಾಣದ ಮುಂದೆ ನಿಲ್ಲಿಸಲು ಕಾರುಗಳು ಬೇಕಾದವು. 1933ರ ಕೊನೆಯಲ್ಲಿ ಹೊರಬಂದ ಆ ಎರಕದ ಕಾರುಗಳಿಗೆ ಮರುವರ್ಷ ಡಿಂಕಿ ಎಂಬ ಹೆಸರಾಯಿತು. ಇಂದಿಗೂ ಸಂಗ್ರಾಹಕರು ಹೇಳುವ 43ರಲ್ಲಿ ಒಂದು ಎಂಬ ವಿಚಿತ್ರ ಪ್ರಮಾಣದ ಮೂಲವೂ ರೈಲೇ. ಒಂದು ಅಡಿಗೆ 7 ಮಿಲಿಮೀಟರ್ ಎಂದು ಲೆಕ್ಕ ಹಿಡಿದರೆ ಬರುವುದು ಅದೇ ಅಂಕಿ. ಅಡಿಗೆ ಅರ್ಧ ಅಂಗುಲವೆಂದರೆ 24ರಲ್ಲಿ ಒಂದು. ಬಡಗಿಯ ಅಡಿಕೋಲು ಹಿಡಿದವರಿಗೆ ಇದು ಸುಲಭದ ಲೆಕ್ಕ.

ಲಂಡನ್ನಿನ ಜ್ಯಾಕ್ ಓಡೆಲ್ ಅವರ ಕಥೆ ಇನ್ನೂ ಸ್ವಾರಸ್ಯ. ಬೆಂಕಿಪೊಟ್ಟಣದಲ್ಲಿ ಹಿಡಿಸುವ ಆಟಿಕೆಯನ್ನು ಮಾತ್ರ ಶಾಲೆಗೆ ತರಬಹುದೆಂಬ ನಿಯಮವಿತ್ತಂತೆ. ಮಗಳಿಗಾಗಿ ಅವರು ಹಿತ್ತಾಳೆಯ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟರು. 1953ರಿಂದ ಲೋಕವನ್ನೆಲ್ಲ ಸುತ್ತಿದ ಮ್ಯಾಚ್‌ಬಾಕ್ಸ್ ಕಾರುಗಳಿಗೆ ಅದೇ ನಾಂದಿ. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಫಿಷರ್ ಬಾಡಿ ವಿಭಾಗ 1930ರಿಂದ 1968ರವರೆಗೆ ಹುಡುಗರಿಗಾಗಿ ಒಂದು ಸ್ಪರ್ಧೆಯನ್ನೇ ನಡೆಸಿತು. ಮೊದಲು ರಾಜರ ಸಾರೋಟಿನ ಪ್ರತಿಕೃತಿ, ಆಮೇಲೆ ಹುಡುಗರೇ ಕಲ್ಪಿಸಿದ ಕಾರು. ಗೆದ್ದವರಿಗೆ ವಿದ್ಯಾರ್ಥಿವೇತನ. ಕೈಕೆಲಸಕ್ಕೆ ಕಾಲೇಜಿನ ಬಾಗಿಲು ತೆರೆದ ಈ ಏರ್ಪಾಟು ಮೆಚ್ಚತಕ್ಕದ್ದು.

ನಮ್ಮಲ್ಲಿ ಹೀಗಾಗಲಿಲ್ಲ. ವಿದೇಶಿ ವಿನಿಮಯದ ಮುಗ್ಗಟ್ಟಿನ ವರ್ಷಗಳಲ್ಲಿ ಸೀಮೆಯ ಆಟಿಕೆ ಸಾಮಾನ್ಯರ ಕೈಗೆ ಎಟುಕುವಂತಿರಲಿಲ್ಲ. 1960ರ ದಶಕದ ಕೊನೆಗೆ ಡಿಂಕಿಯ ಹಳೆಯ ಅಚ್ಚುಗಳು ಕಲ್ಕತ್ತೆಗೆ ಬಂದು, ನಿಕಿ ಎಂಬ ಹೆಸರಿನ ಕಾರುಗಳು ತಯಾರಾದವು. ಚನ್ನಪಟ್ಟಣದ ಕುಶಲಿಗಳು ಹಾಲೆಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟು ಮಾಡುವ ಬಂಡಿ, ಬಸ್ಸುಗಳು ಚೆಲುವಿನಲ್ಲಿ ಯಾವುದಕ್ಕೂ ಕಡಿಮೆಯಲ್ಲ. ಆದರೆ ಅವು ಗೊಂಬೆಯ ಜಾತಿಗೆ ಸೇರಿದವು, ಅಳತೆಗೆ ಕಟ್ಟುಬಿದ್ದವಲ್ಲ. ಹೀಗಾಗಿ ಅಳತೆಯ ಕಾರು ಬೇಕೆಂದವನು ತಾನೇ ಮಾಡಿಕೊಳ್ಳಬೇಕಾಗಿತ್ತು.

ಅದಕ್ಕೆ ಚಿನ್ನದ ಗಣಿಯಂಥ ಊರು ಬೇರೆ ಇರಲಾರದು. ಜಾನ್ ಟೇಲರ್ ಮತ್ತು ಸನ್ಸ್ ಕಂಪನಿಯವರು 1880ರಲ್ಲಿ ಇಲ್ಲಿ ಕೈಹಾಕಿದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 90 ಮೈಲಿ ದೂರ ತಂತಿಯ ಮೇಲೆ ವಿದ್ಯುತ್ತು ಬಂತು. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಓಡಿತು. ಯಂತ್ರಗಳ ಜೊತೆಗೆ ಅವನ್ನು ಸಂಬಾಳಿಸುವ ಫಿಟ್ಟರು, ಟರ್ನರು, ಬಡಗಿ, ಕಮ್ಮಾರರ ಒಂದು ಸಂತತಿಯೇ ಇಲ್ಲಿ ಬೆಳೆಯಿತು. ನೂಲಿನೆಳೆಯಷ್ಟು ವ್ಯತ್ಯಾಸವನ್ನು ಬೆರಳ ತುದಿಯಿಂದ ಹೇಳುವವರು ನಮ್ಮ ಸಾಲುಮನೆಗಳಲ್ಲಿದ್ದರು. ಅರ ಹಿಡಿಯುವುದನ್ನು ನಾನು ಕಲಿತದ್ದು ಅಂಥವರ ಜಗಲಿಯಲ್ಲಿ.

ಪ್ರಮಾಣವೆಂಬ ಮಾತಿಗೂ ಈ ಊರಿನಲ್ಲಿ ಬೇರೆಯೇ ತೂಕವಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಕೆಳಗೆ ದುಡಿದವರೂ ತಮ್ಮ ಮಟ್ಟವನ್ನಷ್ಟೇ ಕಂಡವರು. ಗಣಿಯನ್ನು ಇಡಿಯಾಗಿ ಕಣ್ಣಿಂದ ಕಂಡವರು ಒಬ್ಬರೂ ಇಲ್ಲ. ಅದು ಇಡಿಯಾಗಿ ಇದ್ದದ್ದು ಸರ್ವೆ ಕಚೇರಿಯ ನಕ್ಷೆಯಲ್ಲಿ, ಒಂದು ಅಂಗುಲಕ್ಕೆ ಇಂತಿಷ್ಟು ಅಡಿ ಎಂಬ ಲೆಕ್ಕದಲ್ಲಿ ಮಾತ್ರ.

ಈಗ ನನ್ನ ಮೇಜಿಗೆ ಬರೋಣ. ಅಂಬಾಸಡರ್ ಕಾರಿನ ಉದ್ದ ಸುಮಾರು 14 ಅಡಿ 2 ಅಂಗುಲ. 24ರಿಂದ ಭಾಗಿಸಿದರೆ 7 ಅಂಗುಲಕ್ಕೆ ತುಸು ಹೆಚ್ಚು. ಹಾಲೆಮರದ ತುಂಡಿನಲ್ಲಿ ಒಡಲು, ಎಣ್ಣೆಡಬ್ಬದ ತಗಡಿನಲ್ಲಿ ಬಂಪರು, ಆಮೇಲೆ ಉಪ್ಪುಕಾಗದದ ಉಜ್ಜಾಟ. ಕಷ್ಟವಿರುವುದು ಭಾಗಾಕಾರದಲ್ಲಲ್ಲ. ನಿಜವಾದ ಕಾರಿನ ಒಂದು ಮಿಲಿಮೀಟರ್ ತಗಡು ಇಲ್ಲಿ ಕೂದಲಿನಷ್ಟು ತೆಳುವಾಗಬೇಕು. ಬಣ್ಣದ ಪದರವೊಂದು ದಪ್ಪವಾದರೆ ಬಾಗಿಲಿನ ಗೆರೆ ಮುಚ್ಚಿಹೋಗುತ್ತದೆ. ತೂಕದ್ದು ಮತ್ತೂ ತಮಾಷೆ. ಉದ್ದ 24 ಪಾಲು ಕುಗ್ಗಿದರೆ ತೂಕ 13,824 ಪಾಲು ಕುಗ್ಗುತ್ತದೆ. 1,100 ಕಿಲೋ ಕಾರು ಲೆಕ್ಕದಲ್ಲಿ 80 ಗ್ರಾಂ ಆಗುತ್ತದೆ! ಇಷ್ಟು ಪಾಡುಪಟ್ಟು ಮುಗಿಸಿದ ಮೇಲೆ, ದಿನವೂ ಬೀದಿಯಲ್ಲಿ ಕಂಡ ಕಾರನ್ನು ಮೊದಲ ಬಾರಿಗೆ ನೋಡಿದೆನೆನ್ನಿಸುತ್ತದೆ.

ಆ ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ಮರೆಯಾಯಿತು. ನಮ್ಮ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ನೀರೆತ್ತುವುದು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಮೇಲೆ ಉಳಿದಿರುವ ಕಬ್ಬಿಣದ ರಾಟೆಗೋಪುರಗಳಿಗೆ ತುಕ್ಕು ಹತ್ತಿದೆ. ಅವನ್ನು ಕಟ್ಟಿ ಕಾಪಾಡಿದ ಕೈಗಳಿಗೂ ವಯಸ್ಸಾಗಿದೆ. ಅವರ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಇನ್ನೊಂದು ತಲೆಮಾರು ಕಳೆದರೆ ಗೋಪುರದ ಎತ್ತರವೆಷ್ಟು, ರಾಟೆಯ ಅಡ್ಡಳತೆಯೆಷ್ಟು, ಅದಿರಿನ ತೊಟ್ಟಿಯ ಚಕ್ರ ಹೇಗಿತ್ತೆಂದು ಕೇಳಿದರೆ ಹೇಳುವವರು ಯಾರು? ಛಾಯಾಚಿತ್ರ ಮುಖವನ್ನು ತೋರಿಸೀತು, ಜೋಡಣೆಯನ್ನು ಹೇಳಲಾರದು.

ಆದ್ದರಿಂದ ಈಚೆಗೆ ನಾನು ಕಾರುಗಳನ್ನು ಬದಿಗಿಟ್ಟು, 24ರಲ್ಲಿ ಒಂದರಂತೆಯೇ ಅದಿರಿನ ತೊಟ್ಟಿಯೊಂದನ್ನು ತೊಡಗಿದ್ದೇನೆ. ಕೋಲಾರದ ಗಣಿಯ ಊರುಗಳಲ್ಲಿ ಶಾಲೆಗಳಿಗೆ ಕೊರತೆಯಿಲ್ಲ, ಅಳೆಯಲು ವಸ್ತುಗಳಿಗೂ ಕೊರತೆಯಿಲ್ಲ. ಹಳೆಯ ಫಿಟ್ಟರೊಬ್ಬರನ್ನು ಕರೆದು ಕೂರಿಸಿ, ನಾಲ್ಕು ಮಂದಿ ಹುಡುಗ ಹುಡುಗಿಯರ ಕೈಗೆ ಅಳತೆಪಟ್ಟಿಯನ್ನೂ ಒಂದು ಅರವನ್ನೂ ಕೊಟ್ಟರೆ, ವರ್ಷಕ್ಕೊಂದು ಪ್ರತಿಕೃತಿಯಾದರೂ ಸಿದ್ಧವಾದೀತು. ಆದರೆ ಈ ಕೆಲಸ ಕಬ್ಬಿಣ ಗುಜರಿಗೆ ಹೋಗುವ ಮೊದಲು ಆಗಬೇಕು.